ಮಾಟದ ಶಾಲೆಯ ಮಾಣಿ

ನಾವುಂದದ ನಮ್ಮ ಮನೆಯಲ್ಲಿ ಅಮ್ಮಮ್ಮ ಮಾತಿಲ್ಲದೆ ಇದ್ದದ್ದನ್ನು ನಾನು ಮೊದಲು ಕಂಡದ್ದು ಅವಳ ಕಾಲು ಮುರಿದಾಗ. ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿ, ಮೀನಿನ ಜೊತೆಗೆ ಊರಿನ ಸುದ್ದಿಯನ್ನೂ ಹಂಚುತ್ತಿದ್ದವಳು ಯಾರದೋ ಮನೆಯ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದಳು. ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು.

ನಾನಾಗ ಕುಂದಾಪುರದಲ್ಲಿ ಪಿಯುಸಿ ಓದುತ್ತಿದ್ದೆ. ಹತ್ತನೆಯವರೆಗೆ ಕನ್ನಡದಲ್ಲೇ ಕಲಿತ ನನಗೆ ಇಂಗ್ಲಿಷ್ ಎಂದರೆ ಹೆದರಿಕೆ. ಅದು ಬಿಟ್ಟುಹೋಗಲೆಂದು ನಮ್ಮ ಮೇಡಂ ಕಾಲೇಜಿನ ಲೈಬ್ರರಿಯಿಂದ ಒಂದು ಪುಸ್ತಕ ಕೊಡಿಸಿದರು. ಮಾಟ ಕಲಿಸುವ ಶಾಲೆಗೆ ಸೇರುವ ಒಬ್ಬ ಹುಡುಗನ ಕಥೆ. ಜಗತ್ತಿನ ಮಕ್ಕಳೆಲ್ಲ ಇದರ ಹಿಂದೆ ಬಿದ್ದಿದ್ದಾರೆ ಎಂದರು. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಜಗಲಿಯಲ್ಲೇ ಓದಲು ಕೂತೆ.

"ಎಂತ, ಹೆಣೆ, ಅದ್ರಾಗೆ? ಒಬ್ಳೇ ನೆಗಾಡ್ತಿದ್ಯಲೆ?" ಅಮ್ಮಮ್ಮ ಈಚೆ ತಿರುಗಿದಳು.

ಓದಿದಷ್ಟನ್ನು ನಮ್ಮ ಭಾಷೆಯಲ್ಲೇ ಹೇಳಿದೆ. ಮಕ್ಕಳು ಪೊರಕೆಯ ಮೇಲೆ ಕೂತು ಹಾರುತ್ತಾರೆ ಎಂದಾಗ ಅವಳು ಕೈ ಅಡ್ಡ ಹಿಡಿದಳು.

"ಹಿಡ್ಸೂಡಿ ಮೇಲ್ ಕೂಕಂಡಾ? ಕಡ್ಡಿ ಚುಚ್ಚುದಿಲ್ಯಾ?"

ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅಂದಿನಿಂದ ನಾನು ಬಸ್ಸಿಳಿದು ಬರುವುದನ್ನೇ ಅವಳು ಕಾಯತೊಡಗಿದಳು. ಕಾಲು ಕೂಡಿ, ಮತ್ತೆ ಬುಟ್ಟಿ ಹೊತ್ತ ಮೇಲೂ ಸಂಜೆಯ ಕಥೆ ತಪ್ಪಲಿಲ್ಲ. ಒಂದು ಪುಸ್ತಕ ಮುಗಿದರೆ ಮುಂದಿನದು ಸಿಗುವವರೆಗೆ ಅವಳಿಗೆ ಸಮಾಧಾನವಿಲ್ಲ. ಕಥೆಯ ಹುಡುಗ ಅವಳ ಬಾಯಲ್ಲಿ 'ಮಾಣಿ'ಯಾದ; ಆ ಮಾಣಿಯನ್ನು ಚೆನ್ನಾಗಿ ನೋಡಿಕೊಳ್ಳದ ಅವನ ದೊಡ್ಡಮ್ಮನನ್ನು ಗಿರಾಕಿಗಳ ಅಂಗಳದಲ್ಲೆಲ್ಲ ಬೈದು ಬರುತ್ತಿದ್ದಳಂತೆ. ಯಾವ ಊರಿನ ಹೆಂಗಸು ಎಂದು ಜನ ನನ್ನನ್ನು ಕೇಳಿದ್ದುಂಟು.

ಕೊನೆಯ ಪುಸ್ತಕ ಬಂದಾಗ ಟಿವಿಯಲ್ಲಿ ದೇಶದೇಶಗಳ ಅಂಗಡಿಗಳ ಮುಂದೆ ನಿಂತ ಸಾಲುಗಳನ್ನು ತೋರಿಸಿದರು. ಇದರಲ್ಲಿ ಯಾರೋ ಸಾಯುತ್ತಾರಂತೆ ಎಂಬ ಮಾತೂ ಇತ್ತು. ಕುಂದಾಪುರದ ಅಂಗಡಿಗೆ ಹೋದರೆ, ಇನ್ನೂ ಬಂದಿಲ್ಲ ಎಂದರು. ಆ ಭಾನುವಾರ, ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಮಾವ ಫೋನ್ ಮಾಡಿದಾಗ ಅಮ್ಮಮ್ಮ ಅವನ ಕ್ಷೇಮವನ್ನೂ ಕೇಳಲಿಲ್ಲ.

"ಮಗಾ, ಆ ಮಾಣಿದ್ ಕಡೀ ಪುಸ್ತ್ಕ ಬಂತಂಬ್ರ್. ತಕಂಡ್ ಕಳ್ಸ್."

ಮಾವನಿಗೆ ಇಂಗ್ಲಿಷ್ ಓದಲು ಬಾರದು. ಆದರೂ ರಜೆ ಹಾಕಿ, ಚೂಪು ಟೋಪಿ ಹಾಕಿಕೊಂಡ ಮಕ್ಕಳ ನಡುವೆ ಮಳೆಯಲ್ಲಿ ಸಾಲು ನಿಂತ. ಮುಂದಿದ್ದ ಪುಟ್ಟ ಹುಡುಗಿ, "ಅಂಕಲ್, ನೀವೂ ಫ್ಯಾನಾ?" ಎಂದು ಕೇಳಿದಳಂತೆ. "ನಾನಲ್ಲ, ನಮ್ಮಮ್ಮ" ಎಂದನಂತೆ ಇವನು. ಊರಿಗೆ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಕಟ್ಟು ಕೊಟ್ಟು ಕಳಿಸಿದ.

ನಾನು ಮೊದಲ ಪುಟ ತೆರೆದೆ. ಅಮ್ಮಮ್ಮ ತಡೆದಳು.

"ಕಡೀ ಪುಟ ಓದ್ ಮೊದ್ಲ್. ಮಾಣಿ ಬದ್ಕತ್ನಾ ಇಲ್ಯಾ?"

"ಹಾಂಗ್ ಓದ್ರೆ ಕತಿ ಹಾಳಾತ್ತಲೆ, ಅಮ್ಮಮ್ಮ!"

"ಹಾಳಾಪುದೆಂತ? ಬದ್ಕಿದ್ದ ಅಂದ್ ಗೊತ್ತಾರೆ ಉಳ್ದದ್ ಸಮಾ ಕೇಂತೆ. ಇಲ್ದಿರೆ ಎದಿ ಹೊಡ್ಕಂತ್."

ನನಗೂ ಎದೆ ಹೊಡೆದುಕೊಳ್ಳುತ್ತಿತ್ತು. ಹಿಂದಿನಿಂದ ಪುಟ ತಿರುವಿದೆ. ಬದುಕಿದ್ದ. ಅಮ್ಮಮ್ಮ ಕಣ್ಣು ಮುಚ್ಚಿ ಕೈ ಮುಗಿದಳು. ಆಮೇಲೆ ಗೋಡೆಗೆ ಒರಗಿ ಕೂತು, "ಹ್ಞೂಂ, ಈಗ ಶುರು ಮಾಡ್" ಎಂದಳು.

ಆ ದೀಪಾವಳಿಗೆ ಮಾವ ಊರಿಗೆ ಬಂದ. ಊಟಕ್ಕೆ ಕೂತವನು, ಆ ಪುಸ್ತಕದಲ್ಲಿ ಅಂಥದ್ದೇನಿದೆ ಹೇಳು ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಮ್ಮಮ್ಮ ಮೀನಿನ ಸಾರಿನ ಸೌಟು ಹಿಡಿದುಕೊಂಡೇ ಶುರು ಮಾಡಿದಳು. ಅವಳ ಕಥೆಯಲ್ಲಿ ಮಕ್ಕಳು ಗಂಗೊಳ್ಳಿ ಹೊಳೆಯಂಥದ್ದೇ ಹೊಳೆಯನ್ನು ದೋಣಿಯಲ್ಲಿ ದಾಟುತ್ತಿದ್ದರು. ನಾನು ಹೇಳದ ಎಷ್ಟೋ ಮಾತುಗಳನ್ನು ಆ ಮಾಣಿ ಆಡುತ್ತಿದ್ದ. ತಿದ್ದಬೇಕೆನಿಸಲಿಲ್ಲ. ನಾನೂ ಕೇಳುತ್ತ ಕೂತೆ.

ಮಾವನ ತಟ್ಟೆಯಲ್ಲಿ ಅನ್ನ ಆರಿತ್ತು.

"ಕಡಿಗ್ ಎಂತ ಆಯ್ತ್ ಅಬ್ಬಿ? ಅಂವ ಬದ್ಕ್ದನಾ?"

"ತಡಿ ಮಗಾ," ಎಂದಳು ಅಮ್ಮಮ್ಮ, "ಈಗ್ಳೇ ಹೇಳೂಕಾತ್ತಾ?"