ಟೀಚರ್ ಡಿಜೆ ಆದದ್ದು

ಕಡಬದ ಒಂದು ಖಾಸಗಿ ಶಾಲೆಯಲ್ಲಿ ನಾನು ಎರಡನೇ ತರಗತಿಯ ಟೀಚರ್. ಕೆಲಸಕ್ಕೆ ಸೇರಿದ ವರ್ಷವೇ ವಾರ್ಷಿಕೋತ್ಸವದ ಹಾಡು ಕತ್ತರಿಸುವ ಜವಾಬ್ದಾರಿ ನನ್ನ ತಲೆಗೆ ಬಂತು. ಟೀಚರ್‌ಗಳಲ್ಲಿ ನಾನೇ ಚಿಕ್ಕವಳು, ಮೊಬೈಲಿನಲ್ಲಿ ಏನು ಬೇಕಾದರೂ ಮಾಡಬಲ್ಲೆ ಎಂಬುದು ಉಳಿದವರ ನಂಬಿಕೆ. ಶಾಲೆಯ ಡ್ಯಾನ್ಸ್ ಎಂದರೆ ಒಂದೇ ಹಾಡಲ್ಲ. ಒಂದರ ಪಲ್ಲವಿ, ಇನ್ನೊಂದರ ತಮಟೆ, ಮತ್ತೊಂದರ ಕೊನೆಯ ಓಟ ಎಲ್ಲ ಸೇರಿಸಿ ನಾಲ್ಕೈದು ನಿಮಿಷಕ್ಕೆ ಇಳಿಸಬೇಕು. ಹಿಂದಿನವರು ಹಾಡು ಕೂಡುವ ಜಾಗದಲ್ಲಿ ಒಂದು ಸಿಳ್ಳೆಯನ್ನೋ ಗುಡುಗನ್ನೋ ಹಾಕಿ ಮುಚ್ಚಿಬಿಡುತ್ತಿದ್ದರಂತೆ. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಕುಣಿಯುವ ಮಗುವಿನ ಕಾಲು ತಡವರಿಸಬಾರದು, ಒಂದು ಹಾಡು ಇನ್ನೊಂದರೊಳಗೆ ತಾನಾಗಿ ಇಳಿಯಬೇಕು. ಅದಕ್ಕಾಗಿ ಎಷ್ಟೋ ಸಂಜೆ ಸ್ಟಾಫ್ ರೂಮಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತಿದ್ದೆ. ಇದಕ್ಕೆ ಬೇರೆಯೇ ಒಂದು ಹೆಸರಿದೆ, ಇದೇ ಕೆಲಸವನ್ನು ನೂರಾರು ಜನರ ಮುಂದೆ ನಿಂತು ಮಾಡುವವರಿದ್ದಾರೆ ಎಂದು ಆಗ ಯೋಚಿಸಿರಲಿಲ್ಲ.

ವಾರ್ಷಿಕೋತ್ಸವದ ದಿನ ಮೂರನೇ ತರಗತಿಯವರ ಡ್ಯಾನ್ಸ್ ಅರ್ಧ ಆಗಿತ್ತು. ಪೆನ್‌ಡ್ರೈವ್‌ಗೆ ಏನಾಯಿತೋ, ಹಾಡು ಗಪ್ಪೆಂದು ನಿಂತಿತು. ವೇದಿಕೆಯಲ್ಲಿ ಮಕ್ಕಳು ಕೈ ಮೇಲೆತ್ತಿಕೊಂಡೇ ನಿಂತರು. ನಾನು ಸೌಂಡಿನವರ ಟೇಬಲ್ ಪಕ್ಕದಲ್ಲೇ ಇದ್ದೆ. ಕೇಬಲ್ ಕಿತ್ತು ನನ್ನ ಮೊಬೈಲಿಗೆ ಚುಚ್ಚಿದೆ. ಹಾಡು ಯಾವ ಪೆಟ್ಟಿನಲ್ಲಿ ಕಡಿದಿತ್ತೆಂಬುದು ನನ್ನ ಕಿವಿಯಲ್ಲಿ ಹಾಗೇ ಉಳಿದಿತ್ತು. ಅದು ಎಲ್ಲಿಗೆ ಮುಟ್ಟಿತ್ತೋ ಸರಿಯಾಗಿ ಅಲ್ಲಿಂದಲೇ ಹಾಕಿದೆ. ಮಕ್ಕಳು ಏನೂ ಆಗದವರಂತೆ ಮುಂದಿನ ಹೆಜ್ಜೆ ಇಟ್ಟರು. ಎದುರು ಕೂತ ತಂದೆತಾಯಂದಿರು ಇದೂ ಡ್ಯಾನ್ಸಿನದೇ ಭಾಗವೆಂದುಕೊಂಡು ಚಪ್ಪಾಳೆ ಹೊಡೆದರು.

ಸೌಂಡಿನವರು ಪಕ್ಕದ ಊರು ಆಲಂಕಾರಿನವರು. ನಲವತ್ತರ ಆಸುಪಾಸಿನ, ದೊಡ್ಡ ದನಿಯ ಮನುಷ್ಯ. ಎಲ್ಲರಂತೆ ನಾನೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ.

"ಟೀಚರೆ, ಅದು ಹೇಗೆ ಸರಿ ಅಲ್ಲಿಗೇ ಕೂತದ್ದು?" ಎಂದು ಕೇಳಿದರು.

"ಗೊತ್ತಿಲ್ಲ ಅಣ್ಣ. ಕೇಳಿ ಕೇಳಿ ಬಾಯಿಪಾಠ ಆಗಿದೆ."

"ಬಾಯಿಪಾಠ ಎಲ್ಲರಿಗೂ ಇರ್ತದೆ ಮಾರಾಯ್ರೆ. ನೀವು ಡಿಜೆ ಕಲೀಬೇಕು. ನನ್ನ ಗೋಡೌನಲ್ಲಿ ಒಂದು ಕಂಟ್ರೋಲರ್ ಸುಮ್ನೆ ಬಿದ್ದುಕೊಂಡುಂಟು. ತಮ್ಮ ಗಲ್ಫಿಗೆ ಹೋಗುವಾಗ ಬಿಟ್ಟುಹೋದದ್ದು. ಬಂದು ನೋಡಿ."

ಆ ವಾರದ ಭಾನುವಾರವೇ ಹೋದೆ. ಸ್ಪೀಕರ್ ಬಾಕ್ಸುಗಳ ಹಿಂದೆ, ಕೇಬಲ್ ಸುರುಳಿಗಳ ಅಡಿಯಿಂದ ಅಣ್ಣ ಅದನ್ನು ಎಳೆದು ತೆಗೆದರು. ಎರಡು ತಟ್ಟೆಗಳಂತಹ ಚಕ್ರಗಳು, ನಡುವೆ ಮೇಲೆ ಕೆಳಗೆ ಜಾರುವ ಗುಬುಟುಗಳು, ಸುತ್ತ ಬಣ್ಣದ ಬಟನ್ನುಗಳು. ಧೂಳು ಒರೆಸಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಕೂಡಲೇ ಎಲ್ಲ ಬಟನ್ನುಗಳೂ ಒಮ್ಮೆಲೇ ಬೆಳಗಿದವು. ಹಬ್ಬಕ್ಕೆ ಹೊಸ ಲಂಗ ಸಿಕ್ಕಿದಾಗ ಆಗುತ್ತಿದ್ದ ಖುಷಿ, ಎಷ್ಟೋ ವರ್ಷಗಳ ನಂತರ.

"ಇದನ್ನು ಹೇಗೆ ಮಾಡುದಣ್ಣ?"

"ಅದು ನನ್ನ ಹತ್ರ ಕೇಳ್ಬೇಡಿ. ನಂಗೆ ಬಾಕ್ಸ್ ಗೊತ್ತುಂಟು, ವಯರ್ ಗೊತ್ತುಂಟು. ಮನೆಗೆ ತಗೊಂಡೋಗಿ, ಯೂಟ್ಯೂಬ್ ನೋಡಿ."

ಹಾಗೆ ಆ ಯಂತ್ರ ನಮ್ಮ ಮನೆಯ ಊಟದ ಮೇಜಿನ ಮೇಲೆ ಬಂದು ಕೂತಿತು. ಮನೆಯಲ್ಲಿ ಇರುವುದು ನಾನು ಮತ್ತು ಅಮ್ಮ. ಅಮ್ಮ ರವಿಕೆ ಹೊಲಿಯುತ್ತಾರೆ. ಮದುವೆಯ ಕಾಲದಲ್ಲಿ ಅವರ ಮಿಷನ್ನಿಗೆ ಬಿಡುವಿಲ್ಲ. ನಾನು ಶಾಲೆಯಿಂದ ಬಂದು ಚಹಾ ಕುಡಿದವಳೇ ಒಂದು ಸಣ್ಣ ಸ್ಪೀಕರ್ ಸಿಕ್ಕಿಸಿ, ಹೆಡ್‌ಫೋನ್ ಹಾಕಿ ನಿಲ್ಲುತ್ತಿದ್ದೆ.

ಡಿಜೆ ಕೆಲಸದ ಮೊದಲ ಪಾಠವೇ ಕಷ್ಟದ್ದು. ಎರಡು ಹಾಡುಗಳ ವೇಗವನ್ನು ಒಂದು ಮಾಡಬೇಕು. ಜನರಿಗೆ ಕೇಳುತ್ತಿರುವ ಹಾಡು ಒಂದು ಕಿವಿಯಲ್ಲಿ, ಮುಂದೆ ಬರಬೇಕಾದದ್ದು ಇನ್ನೊಂದು ಕಿವಿಯಲ್ಲಿ. ಎರಡರ ಪೆಟ್ಟೂ ಒಟ್ಟಿಗೆ ಬೀಳುವವರೆಗೆ ಚಕ್ರವನ್ನು ಬೆರಳಿನಿಂದ ತುಸು ಮುಂದೆ, ತುಸು ಹಿಂದೆ ತಳ್ಳುತ್ತಿರಬೇಕು. ಕಂಪ್ಯೂಟರ್ ತಾನೇ ಹೊಂದಿಸಿಕೊಡುವ ಬಟನ್ ಒಂದಿದೆ. ಅದನ್ನು ಒತ್ತಿದರೆ ಕೆಲಸ ಆಗುತ್ತಿತ್ತು, ಖುಷಿ ಆಗುತ್ತಿರಲಿಲ್ಲ. ಹಾಗಾಗಿ ಪರದೆಯ ಮೇಲೆ ಮೈ ಒರೆಸುವ ಬೈರಾಸು ಹೊದೆಸಿ ಕಿವಿಯೊಂದನ್ನೇ ನಂಬಿ ಅಭ್ಯಾಸ ಮಾಡಿದೆ.

ಮೊದಮೊದಲು ಎರಡು ಹಾಡಿನ ಪೆಟ್ಟುಗಳು ಒಂದರ ಹಿಂದೊಂದು ಓಡುತ್ತಿದ್ದವು. ಅಮ್ಮ ಮಿಷನ್ ನಿಲ್ಲಿಸಿ ಕೇಳುತ್ತಿದ್ದರು, "ಎಂತ ಮಗಾ, ಕುದುರೆ ಓಡುವ ಹಾಗೆ ಕೇಳ್ತದೆ?"

ಸರಿಯಾದ ಮಾತು. ಟಕಟಕ, ಟಕಟಕ ಎಂದು ಕುದುರೆ ಓಡಿದಂತೆಯೇ ಇತ್ತು. ಒಂದು ದಿನ ಎರಡು ಹಾಡು ಸೇರಿದ್ದು ಅಮ್ಮನಿಗೆ ಗೊತ್ತೇ ಆಗಲಿಲ್ಲ. "ಹಾಡು ಬದಲಾಯ್ತಲ್ಲ, ಯಾವಾಗ ಬದಲಾದ್ದು?" ಎಂದು ಸೂಜಿಗೆ ದಾರ ಪೋಣಿಸುತ್ತಾ ಕೇಳಿದರು. ನಾನು ಕುಣಿದುಕೊಂಡು ಹೋಗಿ ಅವರನ್ನು ತಬ್ಬಿದೆ. "ಸೂಜಿ, ಸೂಜಿ!" ಎಂದು ಕೂಗಿಕೊಂಡರು.

ಕಲಿತದ್ದಾಯಿತು, ಇನ್ನು ಯಾರಾದರೂ ಕರೆಯಬೇಕು. ಪುತ್ತೂರಿನಲ್ಲಿ ಮದುವೆ, ಹುಟ್ಟುಹಬ್ಬಗಳ ಕಾರ್ಯಕ್ರಮ ವಹಿಸಿಕೊಳ್ಳುವ ಒಂದು ಆಫೀಸಿಗೆ ಹೋದೆ. ಅಲ್ಲಿದ್ದ ಯುವಕ ಮರ್ಯಾದೆಯಿಂದಲೇ ಕೂರಿಸಿ, "ಆಂಕರಿಂಗ್ ಮಾಡ್ತೀರಾ ಮೇಡಂ? ನಿಮ್ಮ ವಾಯ್ಸ್ ಚಂದ ಉಂಟು" ಎಂದ. ಡಿಜೆ ಎಂದೆ. "ಲೇಡಿ ಡಿಜೆ ಅಂದ್ರೆ ಮಂಗಳೂರಲ್ಲಿ ಓಕೆ. ಇಲ್ಲಿ ಮನೆಯವರು ಒಪ್ಪುದು ಕಷ್ಟ" ಎಂದು ನಂಬರ್ ಬರೆದುಕೊಂಡು ಕಳಿಸಿದ. ಫೋನ್ ಬರಲಿಲ್ಲ. ಬಸ್ಸಿನಲ್ಲಿ ಬರುವಾಗ ಬೇಸರವಾದದ್ದು ನಿಜ. ಆದರೆ ಮನೆಗೆ ಬಂದು ಹೆಡ್‌ಫೋನ್ ಹಾಕಿದ ಮೇಲೆ ಆ ಬೇಸರ ಎಲ್ಲಿ ಹೋಯಿತೋ.

ಮೊದಲ ಅವಕಾಶ ಬಂದದ್ದು ನಮ್ಮ ಶಾಲೆಯ ಆಫೀಸಿನಿಂದಲೇ. ಅಲ್ಲಿ ಕ್ಲರ್ಕ್ ಆಗಿರುವ ಅಕ್ಕ ಕೊಲ್ಲಮೊಗ್ರಿನವರು. ಅವರ ತಂಗಿಯ ಮದುವೆ ನಿಶ್ಚಯವಾಗಿತ್ತು.

"ಮದರಂಗಿಗೆ ನೀನೇ ಬಾ. ನೀನು ಸ್ಟೇಟಸ್ಸಿಗೆ ಹಾಕಿದ ವಿಡಿಯೋ ನನ್ನ ತಂಗಿ ನೋಡಿದ್ದಾಳೆ, ನೀನೇ ಬೇಕಂತೆ" ಎಂದರು.

"ಅಕ್ಕ, ನಾನು ಇಷ್ಟರವರೆಗೆ ಎಲ್ಲಿಯೂ ಮಾಡಿಲ್ಲ."

"ಅವಳೂ ಇಷ್ಟರವರೆಗೆ ಮದುವೆ ಆಗಿಲ್ಲ."

ಸ್ಟಾಫ್ ರೂಮಿಗೆ ಬಂದವಳು ಕೈಯಲ್ಲಿದ್ದ ಸೀಮೆಸುಣ್ಣವನ್ನು ಅಲ್ಲಿಯೇ ಎರಡು ತುಂಡು ಮಾಡಿದ್ದೆ, ಖುಷಿಗೋ ಹೆದರಿಕೆಗೋ ತಿಳಿಯದು.

ಮದರಂಗಿಯ ದಿನ ಅಣ್ಣನ ಪಿಕಪ್ಪಿನಲ್ಲಿ ಹೊರಟೆವು. ಹಿಂದೆ ಬಾಕ್ಸುಗಳು, ಮುಂದೆ ಅಣ್ಣ, ನಾನು, ನನ್ನ ಮಡಿಲಲ್ಲಿ ಮಗುವಿನ ಹಾಗೆ ಕಂಟ್ರೋಲರ್. ಸುಬ್ರಹ್ಮಣ್ಯ ದಾಟಿ, ಹರಿಹರ ಪಳ್ಳತ್ತಡ್ಕ ಕಳೆದ ಮೇಲೆ ರಸ್ತೆ ಏರತೊಡಗಿತು. ನಾನು ದಾರಿಯುದ್ದಕ್ಕೂ ಹಾಕಬೇಕಾದ ಹಾಡುಗಳನ್ನು ಗುಣುಗುಣಿಸುತ್ತಿದ್ದೆ. ಮೂರು ಗಂಟೆಗೆಲ್ಲ ಮದುಮಗಳ ಮನೆಯ ಅಂಗಳದ ಚಪ್ಪರದ ಮೂಲೆಯಲ್ಲಿ ಮೇಜು ಹಾಕಿ, ವಯರ್ ಎಳೆದು, ತಯಾರಾಗಿ ನಿಂತೆ.

ಮದುಮಗಳ ಮಾವ ಒಬ್ಬರು ಹತ್ತಿರ ಬಂದು ಎಲ್ಲವನ್ನೂ ಒಮ್ಮೆ ನೋಡಿ, "ಸೆಟ್ಟಿಂಗ್ ಎಲ್ಲ ಆಯ್ತಲ್ಲ? ಡಿಜೆ ಯಾವಾಗ ಬರುದು?" ಎಂದು ನನ್ನನ್ನೇ ಕೇಳಿದರು.

"ನಾನೇ ಡಿಜೆ."

ಅವರು ಅಣ್ಣನ ಮುಖ ನೋಡಿದರು. ಅಣ್ಣ ಗಂಭೀರವಾಗಿ ತಲೆಯಾಡಿಸಿದರು. "ಹೌದಾ? ಆಗ್ಲಿ, ಆಗ್ಲಿ. ಚಹಾ ಕುಡಿದ್ರಾ?" ಎಂದು ಹೊರಟುಹೋದರು.

ಹೆಂಗಸರು ಸುತ್ತ ಕೂತು ಕೈಗೆ ಮದರಂಗಿ ಹಾಕಿಸಿಕೊಳ್ಳುತ್ತಿದ್ದರು. ನಾನು ಮನೆಯಲ್ಲಿ ಕಲಿತದ್ದನ್ನೆಲ್ಲ ಸುರಿದೆ. ಒಂದು ಹಾಡಿನಿಂದ ಇನ್ನೊಂದಕ್ಕೆ ಬೆಣ್ಣೆಯಂತೆ ಜಾರಿದೆ. ಯಾರೂ ಏಳಲಿಲ್ಲ. ಹುಡುಗರು ಚಪ್ಪರದ ಕಂಬಕ್ಕೆ ಒರಗಿ ಒಬ್ಬರನ್ನೊಬ್ಬರು ತಳ್ಳಿಕೊಂಡರು. ಮದುಮಗಳು ಮಾತ್ರ ದೂರದಿಂದಲೇ ಭುಜ ಕುಣಿಸಿ ನನಗೆ ಧೈರ್ಯ ಹೇಳಿದಳು. ನನಗೆ ಗೊತ್ತಿದ್ದದ್ದು ಹಾಡು. ಎದುರಿಗಿದ್ದ ಜನ ಗೊತ್ತಿರಲಿಲ್ಲ.

ಆಗಲೇ ಕರೆಂಟು ಹೋಯಿತು.

"ಜನರೇಟರ್ ಸ್ಟಾರ್ಟ್ ಮಾಡ್ತೇನೆ, ನಿಲ್ಲಿ" ಎಂದು ಅಣ್ಣ ಮನೆಯ ಹಿಂದೆ ಓಡಿದರು. ಹಗ್ಗ ಎಳೆಯುವ ಸದ್ದು ಕೇಳುತ್ತಿತ್ತು, ಅದು ಹೊತ್ತಿಕೊಳ್ಳುವ ಸದ್ದು ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಮದುಮಗಳ ಅಜ್ಜಿ ಕೂತಲ್ಲಿಂದಲೇ ಒಂದು ಸೋಬಾನೆ ಎತ್ತಿಕೊಂಡರು. ಪಕ್ಕದ ಇಬ್ಬರು ಸೇರಿದರು, ನಂತರ ನಾಲ್ವರು. ಮದರಂಗಿ ಒಣಗದವರು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಉಳಿದವರು ಅಂಗೈ ತಟ್ಟಿ ತಾಳ ಹಾಕತೊಡಗಿದರು. ನಮ್ಮ ಮನೆಯ ಮಾತು ತುಳು. ಅವರು ಹಾಡುತ್ತಿದ್ದ ಅರೆಭಾಷೆ ನನಗೆ ಅರ್ಥವಾಗುತ್ತದೆ, ನಾಲಿಗೆ ತಿರುಗುವುದಿಲ್ಲ. ಆದರೆ ಆ ತಾಳ ಅರ್ಥವಾಗಲು ಯಾವ ಭಾಷೆಯೂ ಬೇಕಿರಲಿಲ್ಲ.

ಒಮ್ಮೆಲೇ ನನಗೆ ಹೊಳೆಯಿತು. ಸ್ಪೀಕರ್ ಸತ್ತಿದೆ, ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿಲ್ಲ. ಕಂಟ್ರೋಲರ್‌ಗೂ ಅದರಿಂದಲೇ ಜೀವ. ಹೆಡ್‌ಫೋನನ್ನು ಒಂದು ಕಿವಿಗೆ ಮಾತ್ರ ಒತ್ತಿ ಹಿಡಿದೆ, ಇನ್ನೊಂದನ್ನು ಹೆಂಗಸರಿಗೆ ಬಿಟ್ಟೆ. ಬರೀ ಡೋಲಿನ ಪೆಟ್ಟು ಇರುವ ಒಂದು ತುಣುಕನ್ನು ಹಾಕಿ ವೇಗ ಇಳಿಸಿದೆ, ಇನ್ನೂ ಇಳಿಸಿದೆ. ಅಜ್ಜಿಯ ತಾಳ ಯಂತ್ರದ ತಾಳದಂತಲ್ಲ. ಸಾಲಿನ ಕೊನೆಯಲ್ಲಿ ಎಳೆಯುತ್ತಾರೆ, ಮುಂದಿನ ಸಾಲಿಗೆ ಓಡುತ್ತಾರೆ. ಬೆರಳು ಚಕ್ರದ ಮೇಲೆಯೇ ಇತ್ತು. ಅವರು ಎಳೆದಾಗ ಹಿಡಿದೆ, ಓಡಿದಾಗ ತಳ್ಳಿದೆ. ನನ್ನ ಎರಡು ಕಿವಿಗಳ ನಡುವೆ ಡೋಲೂ ಚಪ್ಪಾಳೆಯೂ ಒಂದಾದವು.

ಹಿಂದಿನಿಂದ ಜನರೇಟರ್ ಗುರುಗುಟ್ಟಿತು. ಸ್ಪೀಕರಿನ ಕೆಂಪು ದೀಪ ಹೊತ್ತಿತು. ನಾನು ಗುಬುಟನ್ನು ಮೆಲ್ಲಗೆ ಮೇಲಕ್ಕೆ ಸರಿಸಿದೆ. ಅವರ ಹಾಡಿನ ಅಡಿಯಿಂದ, ನೆಲದೊಳಗಿನಿಂದ ಎದ್ದಂತೆ ಡೋಲು ಬಂತು.

ಇಬ್ಬರು ಹೆಂಗಸರು ಗಾಬರಿಯಾಗಿ ಹಾಡು ನಿಲ್ಲಿಸಿದರು. ನಾನೂ ನಿಲ್ಲಿಸಲು ಕೈ ಹಾಕಿದ್ದೆ. ಅಜ್ಜಿ ಮಾತ್ರ ನಿಲ್ಲಲಿಲ್ಲ. ನನ್ನ ಕಡೆ ತಿರುಗಿ, ಹಾಡುತ್ತಲೇ, ಇನ್ನೂ ಜೋರು ಮಾಡು ಎಂಬಂತೆ ಕೈ ಎತ್ತಿದರು. ಜೋರು ಮಾಡಿದೆ. ಮದುಮಗಳು ಎದ್ದು ಬಂದಳು, ಹಸಿ ಮದರಂಗಿಯ ಕೈಗಳನ್ನು ಅಗಲಿಸಿಕೊಂಡೇ ಕುಣಿದಳು. ಆಫೀಸಿನ ಅಕ್ಕ ಬಂದರು. ಕಂಬಕ್ಕೆ ಒರಗಿದ್ದ ಹುಡುಗರು ಕಂಬ ಬಿಟ್ಟರು. ಸೋಬಾನೆ ಮುಗಿಯುವ ಹೊತ್ತಿಗೆ ಅದೇ ಪೆಟ್ಟಿನ ಮೇಲೆ ಒಂದು ತುಳು ಹಾಡು ಏರಿಸಿದೆ, ಅದರ ಮೇಲೆ ಇನ್ನೊಂದು ಕನ್ನಡದ್ದು. ಆಮೇಲೆ ಚಪ್ಪರದಲ್ಲಿ ಕೂತವರು ಯಾರೂ ಇರಲಿಲ್ಲ. "ಡಿಜೆ ಯಾವಾಗ ಬರುದು" ಎಂದಿದ್ದ ಮಾವ ಲುಂಗಿ ಎತ್ತಿ ಕಟ್ಟಿ ನಡುವೆ ಇದ್ದರು. ಮೇಜಿನ ಹಿಂದೆ ನನ್ನ ಕಾಲೂ ನೆಲದಲ್ಲಿರಲಿಲ್ಲ.

ಸಾಮಾನು ಕಟ್ಟುವಾಗ ಅಜ್ಜಿ ನನ್ನನ್ನು ಹತ್ತಿರ ಕರೆದು ಗಲ್ಲ ಹಿಡಿದರು. "ನಾನು ತಾಳ ತಪ್ಪಿದ್ರೂ ನೀನು ಬಿಟ್ಟು ಹೋಗ್ಲಿಲ್ಲ" ಎಂದರು.

ವಾಪಸು ಬರುವಾಗ ಅಣ್ಣನ ಬಾಯಿ ನಿಲ್ಲಲಿಲ್ಲ. "ಜನರೇಟರ್ ತಡ ಮಾಡಿದ್ದು ಒಳ್ಳೆದೇ ಆಯ್ತಲ್ಲ ಟೀಚರೆ! ಇನ್ನು ಎಲ್ಲಾ ಕಡೆ ಸ್ವಲ್ಪ ತಡ ಮಾಡುವನಾ?" ಎಂದು ಸ್ಟಿಯರಿಂಗ್ ತಟ್ಟಿ ನಕ್ಕರು.

ಆ ಸಂಜೆಯ ವಿಡಿಯೋ ಯಾರ ಯಾರ ಮೊಬೈಲಿಗೆ ಹೋಯಿತೋ, ಸೋಮವಾರ ತರಗತಿಗೆ ಹೋದರೆ ಮಕ್ಕಳೆಲ್ಲ ಎದ್ದು ನಿಂತು "ಗುಡ್ ಮಾರ್ನಿಂಗ್ ಡಿಜೆ ಟೀಚರ್" ಎಂದರು. ಹೆಡ್ ಮೇಡಂ ಕೋಣೆಗೆ ಕರೆಸಿದರು. ಬೈಗುಳಕ್ಕೆ ಸಿದ್ಧವಾಗಿಯೇ ಹೋದೆ. ಅವರು ವಿಡಿಯೋವನ್ನು ಪೂರ್ತಿ ನೋಡಿ ಕನ್ನಡಕ ತೆಗೆದು, "ಶಾಲೆಯ ದಿನ ರಜೆ ಕೇಳ್ಬಾರ್ದು. ಅಷ್ಟು ಬಿಟ್ರೆ ನನಗೆ ಹೇಳಲಿಕ್ಕೆ ಎಂತ ಇಲ್ಲ" ಎಂದರು. ಅಷ್ಟೇ ಸಾಕಿತ್ತು.

ನಂತರ ಪುತ್ತೂರಿನಲ್ಲಿ ಒಂದು ಹುಟ್ಟುಹಬ್ಬ ಮಾಡಿದೆ. ಅಲ್ಲಿ ಕುಣಿಯುವವರಿಂದ ತುಂಬಿದ್ದ ಜಾಗವನ್ನು ಒಂದೇ ಒಂದು ತಪ್ಪು ಹಾಡಿನಿಂದ ಖಾಲಿ ಮಾಡಿ, ಮತ್ತೆ ತುಂಬಿಸಲು ಒದ್ದಾಡಿದೆ. ಅದೂ ಕಲಿತ ಹಾಗಾಯಿತು. ಈಗ ಮೊದಲ ಕೆಲವು ಹಾಡು ಹಾಕುವಾಗ ಪರದೆ ನೋಡುವುದಿಲ್ಲ, ಜನರ ಕಾಲು ನೋಡುತ್ತೇನೆ. ಕೂತವರ ಕಾಲಿನ ಬೆರಳು ಯಾವ ಹಾಡಿಗೆ ಅಲುಗುತ್ತದೋ ಆ ದಾರಿ ಹಿಡಿಯುತ್ತೇನೆ.

ಕಳೆದ ತಿಂಗಳು ಕಲ್ಲುಗುಂಡಿಯಲ್ಲಿ ವಾಲಿಬಾಲ್ ಪಂದ್ಯಾಟ. ಅಮ್ಮ ಮೊದಲ ಬಾರಿ ಜೊತೆಗೆ ಬಂದಿದ್ದರು, ತಾವೇ ಹೊಲಿದ ಹೊಸ ರವಿಕೆ ಹಾಕಿಕೊಂಡು. ಪಾಯಿಂಟ್ ಬಿದ್ದ ಕೂಡಲೇ ಕೆಲವೇ ಸೆಕೆಂಡಿನ ಹಾಡು, ಸರ್ವಿಸ್ ಆಗುವ ಮೊದಲು ಮೌನ, ಇದು ನನ್ನ ಕೆಲಸ. ಮದುವೆಗಿಂತ ಕಷ್ಟ, ಮದುವೆಗಿಂತ ಮಜಾ. ಕೊನೆಯ ಸೆಟ್ಟಿನಲ್ಲಿ ಎರಡೂ ತಂಡ ಸಮ ಸಮ ಬಂದಾಗ ಜನ ಬೆಂಚಿನ ಮೇಲೆ ಹತ್ತಿ ನಿಂತಿದ್ದರು. ಕೊನೆಯ ಪಾಯಿಂಟಿನ ಚೆಂಡು ಗೆರೆಯ ಒಳಗೆ ಬಿತ್ತು. ನಾನು ಗುಬುಟನ್ನು ಪೂರ್ತಿ ಮೇಲಕ್ಕೆ ತಳ್ಳಿದೆ. ಮಡಿಕೇರಿ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಧಾನ ಮಾಡಿತು, ಕಿಟಕಿಗಳಿಂದ ತಲೆಗಳು ಹೊರಬಂದವು. ಪಕ್ಕದಲ್ಲಿ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಇನ್ನೊಂದು ಹಾಕು ಮಗಾ, ಇನ್ನೊಂದು!" ಎಂದು ನನ್ನ ಭುಜ ಅಲುಗಿಸುತ್ತಿದ್ದರು.