ಹೊರಗಿದ್ದ ಆಯಿ ಒಲೆಯ ಮುಂದೆ

ತೊಂಬತ್ತರ ದಶಕದ ನಡುವೆ, ಸಿದ್ದಾಪುರದಲ್ಲಿ ಹೈಸ್ಕೂಲು ಓದುತ್ತಿದ್ದಾಗ, ಜ್ವರ ಬಂದು ಹಗಲು ಮಲಗಿದ್ದ ನನಗೊಂದು ಕನಸು ಬಿತ್ತು. ಆಯಿ, ಎಂದರೆ ನನ್ನ ತಾಯಿ, ಒಲೆಯ ಮುಂದೆ ನಿಂತು ಗಂಜಿ ಕಲಕುತ್ತಿದ್ದಳು. ಕಂಡ ಕೂಡಲೇ ತಿಳಿಯಿತು: ಇದು ಕನಸು.

ತಿಳಿದದ್ದು ಹೇಗೆಂದರೆ, ಅಂದು ಆಯಿ ‘ಹೊರಗೆ’ ಇದ್ದಳು. ನಮ್ಮ ಕಡೆಯ ಮನೆಗಳಲ್ಲಿ ಹೆಂಗಸು ಮುಟ್ಟಾದರೆ ಹಾಗೆನ್ನುತ್ತಾರೆ. ಆ ದಿನಗಳಲ್ಲಿ ಅವಳು ಜಗಲಿಯ ಮೂಲೆಯಲ್ಲಿ ಚಾಪೆ ಹಾಕಿಕೊಂಡಿರಬೇಕು. ಅಡುಗೆಮನೆ ಹೊಗಬಾರದು, ಯಾರನ್ನೂ ಮುಟ್ಟಬಾರದು; ಮುಟ್ಟಿಸಿಕೊಂಡವರು ಮೀಯಬೇಕು, ತಲೆಯಿಂದ ಸ್ನಾನ ಮಾಡಬೇಕು. ಇದನ್ನು ಆಚಾರ ಎನ್ನುತ್ತಾರೆ. ನಾನು ಅಸ್ಪೃಶ್ಯತೆ ಎನ್ನುತ್ತೇನೆ. ಮನೆ ನಡೆಸುವವಳ ಮೇಲೆ ಮನೆಯೇ ಹೇರಿದ ಅಸ್ಪೃಶ್ಯತೆ. ಅದನ್ನು ಅವಳ ವಿಶ್ರಾಂತಿಗೆಂದು ಸಮರ್ಥಿಸುವುದು ಇನ್ನೊಂದು ಅನ್ಯಾಯ. ಮಗಳ ಹಣೆ ಸುಡುತ್ತಿರುವಾಗ ತಾಯಿಯ ಕೈ ಅಲ್ಲಿಗೆ ಬಾರದಂತೆ ಮಾಡಿದ್ದಕ್ಕೆ ಏನೆನ್ನಬೇಕೋ ನನಗಿನ್ನೂ ತಿಳಿದಿಲ್ಲ.

ಕನಸೆಂದು ತಿಳಿದೂ ಎಚ್ಚರವಾಗಲಿಲ್ಲ. ಹಾಗಾದದ್ದು ಅದೇ ಮೊದಲು. ಹೊಗೆ ಹೋಗಲಿ ಎಂದುಕೊಂಡೆ, ಹೋಯಿತು. ಮಸಿ ಹಿಡಿದ ಗೋಡೆ ಹಳದಿಯಾಗಲಿ ಎಂದೆ, ಆಯಿತು. ನೆಲ ಬಿಟ್ಟು ಮೇಲೆದ್ದು, ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಗಳನ್ನು ಸವರಿ ಇಳಿದೆ. ಎಲ್ಲವೂ ನನ್ನ ಮಾತು ಕೇಳುತ್ತದೆಂದು ಖಾತ್ರಿಯಾದ ಮೇಲೆ, ನಿಜವಾಗಿ ಬೇಕಿದ್ದನ್ನು ಕೇಳಿದೆ.

“ಆಯಿ, ಹಣೆ ಮುಟ್ಟಿ ನೋಡು.”

ಆಯಿ ತಿರುಗಿದಳು. ತಾನು ನಿಂತ ಜಾಗ ಆಗಷ್ಟೇ ಗೊತ್ತಾದವಳಂತೆ ಸೆರಗು ಒಟ್ಟುಮಾಡಿಕೊಂಡು, “ಅಯ್ಯೋ, ಆನು ಹೊರಗೆ” ಎನ್ನುತ್ತಾ ಹಿಂದೆ ಸರಿದು ಹೊಸಿಲು ದಾಟಿದಳು. ಹೊಸಿಲು ಇಲ್ಲವಾಗಲಿ ಎಂದೆ, ಆಯಿತು. ಬಾಗಿಲು ಹೋಯಿತು, ಗೋಡೆಗಳೂ ಹೋದವು. ಗೋಡೆಯೇ ಇಲ್ಲದ ಬಯಲಿನಲ್ಲೂ ಆಯಿ ಹೊರಗೇ ನಿಂತಿದ್ದಳು.

ಕೂಗಿಕೊಂಡು ಎಚ್ಚರಾದೆ. ಆಯಿ ಜಗಲಿಯ ಕಡೆಯ ಕಿಟಕಿಯಾಚೆ ಬಂದು ನಿಂತಿದ್ದಳು.

“ಎಂತಕ್ಕೆ ಕೂಗಿದೆ ತಂಗಿ?” ನಮ್ಮಲ್ಲಿ ಮಗಳನ್ನೂ ತಂಗಿ ಎಂದೇ ಕರೆಯುತ್ತಾರೆ.

“ಕನಸಲ್ಲಿ ನೀನು ಒಳಗೆ ಬಂದಿದ್ದೆ. ಗಂಜಿ ಮಾಡ್ತಿದ್ದೆ.”

ಆಯಿ ನಕ್ಕಳು. “ಕನಸಲ್ಲೂ ನನ್ನ ಒಲೆ ಮುಂದೇ ನಿಲ್ಲಿಸಿದ್ಯನೇ? ಸುಮ್ನೆ ಕೂರಲೂ ಬಿಡ್ತಿಲ್ಲೆ!”

ಒಳಗಿನಿಂದ ಅಜ್ಜಿಯ ಧ್ವನಿ ಬಂತು. “ಮುಟ್ಟಿದ್ಯನೇ? ಮುಟ್ಟಿದ್ರೆ ಮೀಯವು ಮತ್ತೆ.”

“ಕನಸಿಗೆಲ್ಲ ಎಂತ ಮೀಯದು ಅತ್ತೆ!” ಎಂದಳು ಆಯಿ.

ನಾನು ಕಿಟಕಿಯ ಸರಳುಗಳ ನಡುವೆ ಕೈ ಚಾಚಿದೆ. ಆಯಿಯ ನಗು ನಿಂತಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. “ಮುಟ್ಟಡ. ಜ್ವರದಲ್ಲೇ ಮೀಸ್ತ ನಿನ್ನ” ಎಂದಳು, ಅಜ್ಜಿಗೆ ಕೇಳಿಸದಷ್ಟು ಮೆಲ್ಲಗೆ.

ಮುಂದೆ ಯಲ್ಲಾಪುರದ ಶಿಬಿರಗಳಲ್ಲಿ, ದಾಸನಕೊಪ್ಪದ ಮಹಿಳಾ ಸಭೆಗಳಲ್ಲಿ ಈ ಪದ್ಧತಿಯ ವಿರುದ್ಧ ಮಾತನಾಡಿದೆ. ಕೆಲವರು ಚಪ್ಪಾಳೆ ತಟ್ಟಿದರು; ತಟ್ಟಿದವರಲ್ಲಿ ಒಬ್ಬಾಕೆ, ಅಂದು ತಾನು ಹೊರಗೆಂದು ಹೇಳಿ, ಬಾಗಿಲಾಚೆ ಕೂತೇ ಕೇಳಿಸಿಕೊಂಡಳು. ಎರಡು ಸಾವಿರದ ಇಸವಿ ಕಳೆದ ಮೇಲೆ ಆಯಿಗೆ ಮುಟ್ಟು ನಿಂತಿತು. ಪದ್ಧತಿ ಸೋಲಲಿಲ್ಲ, ಅವಳಿಗೆ ವಯಸ್ಸಾಯಿತು, ಅಷ್ಟೇ. ಈಗ ನನಗೆ ಜ್ವರ ಬಂದರೆ ಯಾವ ದಿನವಾದರೂ ಹಣೆ ಮುಟ್ಟುತ್ತಾಳೆ.

ಕನಸು ಮಾತ್ರ ಆಗಾಗ ಮರಳುತ್ತದೆ. ಅವಳು ಅಲ್ಲಿರಬಾರದೆಂಬುದು ನನ್ನ ನಿದ್ದೆಗೂ ಗೊತ್ತು. ಕನಸೆಂದು ತಿಳಿಯುವುದೇ ಅದರಿಂದ. ತಿಳಿದ ಗಳಿಗೆಗೇ ಆಯಿ ಸೆರಗು ಒಟ್ಟುಮಾಡಿಕೊಳ್ಳುತ್ತಾಳೆ. ಈಚೆಗೆ ನಾನು ಏನನ್ನೂ ಕೇಳುವುದಿಲ್ಲ. ತಿಳಿಯದವಳಂತೆ ಗಂಜಿಯನ್ನೇ ನೋಡುತ್ತಾ ಕೂರುತ್ತೇನೆ. ಆದರೂ ಆಯಿ ಸೌಟು ಕೆಳಗಿಟ್ಟು ಹೊಸಿಲ ಕಡೆ ತಿರುಗುತ್ತಾಳೆ.