ಹೇಳಿ ಹೋಗುವವರು

ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳನ್ನು ಎಲ್ಲರೂ ಕತ್ತರಿಯಮ್ಮ ಎನ್ನುತ್ತಿದ್ದರು. ಕೈಯಲ್ಲಿದ್ದ ಕತ್ತರಿಗಿಂತ ಬಾಯಿಗೇ ಆ ಹೆಸರು ಬಂತೆಂದು ಗಿರಾಕಿಗಳ ಗುಮಾನಿ. ಒಂದು ಮಾತು ಹಿಡಿದಳೆಂದರೆ ಮುಗಿಯಿತು, ಬ್ರಹ್ಮ ಬಂದರೂ ಬಿಡಿಸಲಾಗದು.

ಈ ಸಲ ಹಿಡಿದದ್ದು ಮೊಮ್ಮಗಳು ಪುಟ್ಟಿಯ ಶಾಲೆಯ ವಿಷಯ. ಮನೆಯಲ್ಲಿ ಪಟಪಟ ಅನ್ನುವ ಹುಡುಗಿ ಶಾಲೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಅವಳು ಜೀವ ಇಟ್ಟುಕೊಂಡಿದ್ದ ಟೀಚರ್ ರಜೆ ಮುಗಿದ ಮೇಲೆ ಬರಲೇ ಇಲ್ಲ. ಆ ಕುರ್ಚಿಯಲ್ಲಿ ಬೇರೆಯವರು ಕೂತರು. ಯಾಕೆಂದು ಮಕ್ಕಳಿಗೆ ಯಾರೂ ಹೇಳಲಿಲ್ಲ. ಅವತ್ತು ಮುಚ್ಚಿದ ಬಾಯಿ ಮುಚ್ಚಿದ್ದೇ. ಇನ್ನೊಂದು ವರ್ಷ ಹೀಗೇ ಹೋದರೆ ಮಗು ಕೈತಪ್ಪುತ್ತದೆಂದು ಅಜ್ಜಿಗೆ ಒಳಗೊಳಗೇ ದಿಗಿಲು. ಶಾಲೆ ಬದಲಿಸಲೇಬೇಕಿತ್ತು.

ಮಗಳು ಎರಡು ಶಾಲೆ ವಿಚಾರಿಸಿ ಬಂದಿದ್ದಳು.

"ಅಮ್ಮ, ದೊಡ್ಡ ಗೇಟಿನ ಶಾಲೇಲಿ ಎಷ್ಟೋ ವರ್ಷದಿಂದ ಒಬ್ಬ ಟೀಚರೂ ಕೆಲಸ ಬಿಟ್ಟಿಲ್ವಂತೆ. ಮೂಲೆ ಶಾಲೇಲಿ ವರ್ಷಾ ವರ್ಷಾ ಐದು ಜನದಲ್ಲಿ ಒಬ್ಬರಾದ್ರೂ ಬಿಡ್ತಾರಂತೆ."

"ಅದು ಶಾಲೆಯೇನೇ, ಬಸ್ ಸ್ಟ್ಯಾಂಡೇನೇ? ದೊಡ್ಡ ಗೇಟಿಗೇ ಹಾಕು!"

"ನಿನ್ನ ಅಂಗಡೀಲಿ ಯಾರಮ್ಮ ನಿಂತಿದಾರೆ? ಇವತ್ತಿದ್ದ ಹುಡುಗಿ ಮುಂದಿನ ವರ್ಷ ಇರಲ್ಲ."

"ನನ್ನ ಹುಡುಗೀರು ಕೆಲಸ ಕಲಿತು ಹೋಗ್ತಾರೆ, ಓಡಿ ಹೋಗಲ್ಲ. ಅದಕ್ಕೂ ಇದಕ್ಕೂ ಎಲ್ಲಿಯ ಸಂಬಂಧ?"

ಆ ಹೆಮ್ಮೆ ಸುಳ್ಳಲ್ಲ. ಅವಳ ಅಂಗಡಿಗೆ ಒಂದು ಕಟ್ಟುಪಾಡಿತ್ತು. ಬಿಡುವ ಹುಡುಗಿ ಕೊನೆಯ ತಿಂಗಳು ಹೊಸಬಳ ಪಕ್ಕದಲ್ಲೇ ಮಿಷನ್ ಹಾಕಿಕೊಂಡು ಕೂರಬೇಕು. ಯಾರ ಎಡಭುಜ ತಗ್ಗು, ಯಾರಿಗೆ ಕುತ್ತಿಗೆ ಬಿಗಿಯಾದರೆ ಆಗದು, ಎಲ್ಲ ಹೇಳಿಕೊಡಬೇಕು. ಗಿರಾಕಿಗಳಿಗೂ ಮುಖ ಕೊಟ್ಟು ಹೇಳಿಯೇ ಹೋಗಬೇಕು. ತಪ್ಪಿದವಳಿಗೆ ಮಂಗಳಾರತಿ ಗ್ಯಾರಂಟಿ.

ಪುಟ್ಟಿಯನ್ನು ಕರೆದುಕೊಂಡು ಅಮ್ಮ, ಮಗಳು ಇಬ್ಬರೂ ಶಾಲೆ ನೋಡಲು ಹೊರಟರು. ದೊಡ್ಡ ಗೇಟಿನೊಳಗೆ ಎಲ್ಲ ತೊಳೆದಿಟ್ಟಂತಿತ್ತು. ಕಾರಿಡಾರಿನಲ್ಲಿ ಸಿಕ್ಕ ಹಿರಿಯ ಟೀಚರನ್ನು ಕತ್ತರಿಯಮ್ಮ ತಡೆದಳು.

"ಇಲ್ಲಿಂದ ಯಾರೂ ಬಿಟ್ಟು ಹೋಗಲ್ವಂತೆ. ಅಷ್ಟು ಚೆನ್ನಾಗಿದ್ಯಾ?"

"ಚೆನ್ನಾಗೇನು ಬಂತು, ಮನೆಗೆ ಹತ್ರ. ಈ ವಯಸ್ಸಲ್ಲಿ ಇನ್ನೆಲ್ಲಿಗೆ ಹೋಗೋದು?" ಅವರು ಆಕಳಿಸಿ ಪುಟ್ಟಿಯತ್ತ ನೋಡಿದರು. "ಇವಳು ಮಾತಾಡಲ್ವಾ? ಒಳ್ಳೇದೇ ಆಯ್ತು. ಗಲಾಟೆ ಇಲ್ಲದ ಮಕ್ಕಳೇ ಸುಲಭ."

ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು. ಎಂದೂ ಇಲ್ಲದ ಹಾಗೆ ಹಲ್ಲು ಕಚ್ಚಿ ಹೊರಗೆ ಬಂದಳು.

ಮೂಲೆ ಶಾಲೆಗೆ ಜಗಳಕ್ಕೆಂದೇ ಹೋದಳು. "ನಿಮ್ಮಲ್ಲಿ ಯಾಕ್ರೀ ಯಾರೂ ನಿಲ್ಲಲ್ಲ?"

ಹೆಡ್‌ಮಿಸ್ ನಕ್ಕರು. "ಕೇಳಿದ್ದು ಒಳ್ಳೇದಾಯ್ತು. ಎಲ್ಲರೂ ಎಷ್ಟು ಜನ ಅಂತ ಕೇಳ್ತಾರೆ, ಯಾಕೆ ಅಂತ ಕೇಳಲ್ಲ. ಹೊಸದಾಗಿ ಓದು ಮುಗಿಸಿದವರನ್ನ ತಗೋತೀವಿ, ಪಳಗಿದ ಮೇಲೆ ದೊಡ್ಡ ಶಾಲೆಯೋರು ಕರೀತಾರೆ. ಒಬ್ಬರಿಗೆ ಹೆರಿಗೆ ಆಯ್ತು. ಒಬ್ಬರು ಮಕ್ಕಳ ಮೇಲೆ ಕೈ ಮಾಡಿದ್ರು, ನಾನೇ ಕಳಿಸಿದೆ. ಬನ್ನಿ, ಕ್ಲಾಸ್ ನೋಡಿ."

ಕ್ಲಾಸಿನಲ್ಲಿ ಟೀಚರ್ ಕುರ್ಚಿ ಎರಡಿದ್ದವು. ಹೊರಡಲಿದ್ದ ಟೀಚರ್ ಹೊಸಬಳ ಕಿವಿಯಲ್ಲಿ ಹೇಳುತ್ತಿದ್ದಳು: "ಕಿಟಕಿ ಹತ್ರ ಇದಾನಲ್ಲ, ಅವನ ಎದುರಿಗೆ ನಿಂತು ಕೇಳ್ಬೇಡ. ಪಕ್ಕದಲ್ಲಿ ಕೂತು ಕೇಳು, ಎಲ್ಲಾ ಹೇಳ್ತಾನೆ."

ಕತ್ತರಿಯಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಇದು ತನ್ನದೇ ಅಂಗಡಿ! ಮಗಳ ಮುಖ ನೋಡಲು ನಾಚಿಕೆಯಾಯಿತು.

ಹೊಸ ಟೀಚರ್ ಬಂದು ಪುಟ್ಟಿಯ ಪಕ್ಕ ನೆಲದ ಮೇಲೆ ಕೂತಳು, ಏನೂ ಕೇಳಲಿಲ್ಲ. ಅಜ್ಜಿಯ ಬೆರಳು ಹಿಡಿದಿದ್ದ ಪುಟ್ಟಿ ಅವಳತ್ತ ತಿರುಗಿ ಬಾಯಿ ತೆರೆದಳು.

"ನೀವೂ ಹೋಗ್ತೀರಾ?"

"ಒಂದಿನ ಹೋಗಬಹುದು. ಹೋಗೋದಾದ್ರೆ ನಿಂಗೆ ಮೊದಲೇ ಹೇಳ್ತೀನಿ, ಯಾಕೆ ಅಂತಾನೂ ಹೇಳ್ತೀನಿ."

ಪುಟ್ಟಿ ಅಜ್ಜಿಯ ಬೆರಳು ಬಿಟ್ಟಳು. "ನಮ್ಮ ಟೀಚರ್ ಹೇಳ್ಲೇ ಇಲ್ಲ. ನಾನು ಜಾಸ್ತಿ ಮಾತಾಡ್ತೀನಿ ಅಂತ ಬೇಜಾರಾಗಿ ಹೋದ್ರು."

ಇಷ್ಟು ದಿನ ಈ ಕೂಸು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಾಯಿ ಕಟ್ಟಿಕೊಂಡಿತ್ತೇ? ಅಜ್ಜಿ ಮೊಮ್ಮಗಳನ್ನು ಬಾಚಿ ತಬ್ಬಿಕೊಂಡಳು. ಆಮೇಲೆ ಹೊಸ ಟೀಚರ್ ಕಡೆ ತಿರುಗಿ, ಬೀದಿಗೆಲ್ಲ ಕೇಳುವ ಆ ಗಂಟಲನ್ನು ತಗ್ಗಿಸಿ ಕೇಳಿದಳು.

"ನಾಳೆಯಿಂದಾನೇ ಕಳಿಸ್ಲಾ, ತಾಯಿ?"